ಒಂಬತ್ತು ತಟ್ಟೆಗಳ ಭೋಜನ

ಶಿವಾಜಿನಗರದಲ್ಲಿ ನಲವತ್ತು ವರ್ಷ ಪಾತ್ರೆ ಅಂಗಡಿ ನಡೆಸಿ ಈಗ ಹಲಸೂರಿನಲ್ಲಿ ವಿಶ್ರಾಂತರಾಗಿರುವ ಹಿರಿಯ ಶ್ರಾವಕರೊಬ್ಬರನ್ನು ಅವರ ಮೊಮ್ಮಗ ಇಂದಿರಾನಗರದ ಒಂದು ರೆಸ್ಟೋರೆಂಟಿಗೆ ಕರೆದೊಯ್ದನು. ಮೊದಲ ಸಂಬಳದಲ್ಲಿ ಮನೆಮಂದಿಗೆಲ್ಲ ಊಟ ಹಾಕಿಸಬೇಕೆಂಬುದು ಹುಡುಗನ ಹಂಬಲ. ಹಿರಿಯರು ರಾತ್ರಿಭೋಜನ ತ್ಯಾಗಿಗಳಾದುದರಿಂದ ಭಾನುವಾರದ ಮಧ್ಯಾಹ್ನವನ್ನೇ ಗೊತ್ತುಮಾಡಿ, ‘ಜೈನ ಊಟ’ ಎಂದು ಮುಂಚಿತವಾಗಿ ತಿಳಿಸಿದ್ದನು.

ಅಲ್ಲಿ ಬೇಕಾದುದನ್ನು ಆರಿಸಿ ತರಿಸುವ ಪದ್ಧತಿಯಿಲ್ಲ. ಬಾಣಸಿಗನು ನಿಶ್ಚಯಿಸಿದ ಕ್ರಮದಲ್ಲಿ ಒಂದಾದ ಮೇಲೊಂದು ತಟ್ಟೆ ಬರುತ್ತದೆ. ಪ್ರತಿಯೊಂದರಲ್ಲಿಯೂ ಒಂದೆರಡು ತುತ್ತು. ಇದಕ್ಕೆ ಟೇಸ್ಟಿಂಗ್ ಮೆನು ಎಂದು ಹೆಸರು. ದಂಡು ಪ್ರದೇಶಕ್ಕೆ ಇದು ತೀರ ಹೊಸತಲ್ಲ. 2009ರಲ್ಲಿಯೇ ಡಿಕನ್ಸನ್ ರಸ್ತೆಯಲ್ಲಿ ಅಭಿಜಿತ್ ಸಹಾ ಅವರ ಕೇಪರ್‌ಬೆರಿ ಇಂತಹ ಪ್ರಯೋಗಗಳನ್ನು ಪರಿಚಯಿಸಿತ್ತು. ಈ ವಿದ್ಯೆಗೆ ಹೆಸರು ತಂದ ಸ್ಪೇನಿನ ಎಲ್ ಬುಲ್ಲಿ 2011ರಲ್ಲಿ ಮುಚ್ಚಿತು; ಅದರ ಕೌಶಲ ಮಾತ್ರ ಊರೂರಿಗೆ ಹಬ್ಬಿತು. ಕಡಲ ಪಾಚಿಯಿಂದ ತೆಗೆದ ಆಲ್ಜಿನೇಟನ್ನು ಹಣ್ಣಿನ ರಸದಲ್ಲಿ ಕಲಸಿ, ಕ್ಯಾಲ್ಸಿಯಂ ಲವಣ ಬೆರೆತ ನೀರಿಗೆ ಹನಿಹನಿಯಾಗಿ ಬಿಟ್ಟರೆ ಹೊರಗೆ ತೆಳುಪೊರೆ ಕಟ್ಟಿ, ಒಳಗೆ ರಸ ರಸವಾಗಿಯೇ ಉಳಿಯುತ್ತದೆ. ಹಿರಿಯರು ಅಂತಹ ಮಾವಿನ ಗುಳಿಗೆಯೊಂದನ್ನು ಮಗುವಿನಂತೆ ಕುತೂಹಲದಿಂದ ನೋಡಿದರು. (ಪಾಚಿಯ ವಿಚಾರವೂ ಚರ್ಚಾರ್ಹವೇ, ಅದು ಬೇರೆ ಮಾತು.)

"ಎಲ್ಲವೂ ತುತ್ತಿನಷ್ಟೇ ತಾತ, ನಿಮ್ಮ ಅವಮೋದರ್ಯಕ್ಕೆ ಹೇಳಿ ಮಾಡಿಸಿದ ಹಾಗಿದೆ" ಎಂದು ಮೊಮ್ಮಗ ನಕ್ಕನು.

ಅವರೂ ನಕ್ಕರು. ಪುರುಷನ ಪೂರ್ಣಾಹಾರ ಮೂವತ್ತೆರಡು ತುತ್ತು, ಅದರಲ್ಲಿ ಒಂದನ್ನು ಕಡಿಮೆ ಮಾಡಿದರೂ ಅವಮೋದರ್ಯವೆಂದು ಆಚಾರ್ಯರು ಹೇಳುತ್ತಾರೆ. ಒಂಬತ್ತು ತಟ್ಟೆಗಳಲ್ಲಿ ಇಪ್ಪತ್ತು ತುತ್ತೂ ಆಗದು. "ಲೆಕ್ಕ ಸರಿಯಪ್ಪಾ. ಆದರೆ ಹೊಟ್ಟೆಗೆ ಕಡಿಮೆ ಮಾಡಿ ನಾಲಗೆಗೆ ಒಂಬತ್ತು ಪಟ್ಟು ಬಡಿಸಿದ್ದಾರೆ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಇವುಗಳಲ್ಲಿ ಒಂದನ್ನಾದರೂ ಬಿಟ್ಟರೆ ರಸಪರಿತ್ಯಾಗ. ಇಲ್ಲಿ ಯಾವುದನ್ನು ಬಿಟ್ಟೆವು?"

ಆರನೆಯ ತಟ್ಟೆಯಲ್ಲಿ ಗುಲಾಬಿ ಪರಿಮಳದ, ನಡುಗುವ ತಿಳಿಯಾದ ಒಂದು ತುಂಡು. ಹಿರಿಯರು ತಿಂದರು. ಸೊಸೆ ಚಮಚ ಎತ್ತಿದವಳು ನಿಲ್ಲಿಸಿ, ಇದು ಯಾವುದರಿಂದ ಗಟ್ಟಿಯಾಗಿದೆ ಎಂದು ಬಡಿಸುವವನನ್ನು ಕೇಳಿದಳು. ಅವನು ಒಳಗೆ ಹೋದನು. ಸ್ವಲ್ಪ ಹೊತ್ತಿಗೆ ತರುಣ ಬಾಣಸಿಗನೇ ಹೊರಗೆ ಬಂದನು, ಮುಖ ಬಾಡಿತ್ತು. ಜಿಲೆಟಿನ್. ದನ, ಹಂದಿಗಳ ಚರ್ಮ ಮತ್ತು ಮೂಳೆಗಳಿಂದ ತೆಗೆಯುವ ವಸ್ತು.

"ಜೈನ ಊಟವೆಂದರೆ ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆ ಇಲ್ಲದ್ದು ಎಂದು ಕಲಿತಿದ್ದೇನೆ ಸಾರ್. ಅವು ಒಂದೂ ಹಾಕಿಲ್ಲ. ಇದು ನನಗೆ ಹೊಳೆಯಲಿಲ್ಲ, ಕ್ಷಮಿಸಿ."

ಮೊಮ್ಮಗ ಸಿಟ್ಟಿನಿಂದ ಎದ್ದನು. ಹಿರಿಯರು ಅವನ ಕೈ ಹಿಡಿದು ಕೂರಿಸಿದರು. ಆ ಹುಡುಗ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅವನಿಗೆ ಆ ಪಾಠ ಕಲಿಸಿದವರು ಯಾರು? ಮದುವೆಯ ಅಡಿಗೆಯವರಿಗೆ, ಯಾತ್ರೆಯ ಬಸ್ಸಿನವರಿಗೆ, ವಿಮಾನದ ಊಟದವರಿಗೆ ನಾವೇ ಮೂರು ಪದಾರ್ಥಗಳ ಪಟ್ಟಿ ಕೊಟ್ಟು ಅದೇ ಜೈನತ್ವವೆಂದು ನಂಬಿಸಿದ್ದೇವೆ. ಆ ಪಟ್ಟಿಯನ್ನು ಅವನು ಅಕ್ಷರಶಃ ಪಾಲಿಸಿದ್ದನು. ಕಂದಮೂಲ ಏಕೆ ತ್ಯಾಜ್ಯವೆಂಬ ಕಾರಣವನ್ನು ಒಮ್ಮೆ ಹೇಳಿದ್ದರೆ ಮೂಳೆಯ ಸಾರವನ್ನು ಬೇರೆಯಾಗಿ ಹೇಳಬೇಕಾಗುತ್ತಿರಲಿಲ್ಲ.

ಉಳಿದ ತಟ್ಟೆಗಳನ್ನು ಮುಟ್ಟದೆ, ಪೂರ್ಣ ಹಣ ಕೊಟ್ಟು ಬಂದರು. ಮರುದಿನ ಹಿರಿಯರಿಗೆ ಉಪವಾಸ. ಮೊಮ್ಮಗನೂ, ಯಾರೂ ಹೇಳದೆ, ಏಕಾಶನ ಮಾಡಿದನು.

ಮಂಗಳವಾರ ಬೆಳಿಗ್ಗೆ ಹಿರಿಯರು ಎಂದಿನಂತೆ ಔಷಧದ ಡಬ್ಬಿ ತೆರೆದರು. ಅಂಗೈಯಲ್ಲಿ ಕೆಂಪು ಬಣ್ಣದ, ಹೊಳೆಯುವ, ಮೆತ್ತನೆಯ ಕ್ಯಾಪ್ಸೂಲ್. ಆಹಾರದ ಪೊಟ್ಟಣಕ್ಕೆ ಹಸಿರು ಚುಕ್ಕೆ ಕಡ್ಡಾಯ, ಔಷಧಕ್ಕೆ ಹಾಗಿಲ್ಲ. ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಎಷ್ಟು ವರ್ಷವಾಯಿತಮ್ಮಾ ಇದನ್ನು ನುಂಗುತ್ತ?"

"ಆರು ವರ್ಷ, ಮಾವ" ಎಂದಳು ಸೊಸೆ.

ವೈದ್ಯರಿಗೆ ಫೋನು ಮಾಡಿ ಕೇಳಿದರು. ಅದೇ ಔಷಧ ಮಾತ್ರೆಯ ರೂಪದಲ್ಲಿಯೂ ಇದೆ, ಬದಲಾಯಿಸಬಹುದು ಎಂದರು. ಹಲಸೂರಿನ ಅಂಗಡಿಯವನು ತರಿಸಲು ಎರಡು ದಿನ ಬೇಕೆಂದನು.