ಹೋದದ್ದು ಟರ್ಬೊ ಅಲ್ಲ

ನನ್ನ ತಮ್ಮ ಚಿಕ್ಕಮಗಳೂರಿನಲ್ಲಿ ಒಂದು ಮಿನಿ ಬಸ್ ಇಟ್ಟುಕೊಂಡಿದ್ದಾನೆ. ಮದುವೆ ದಿಬ್ಬಣ, ಶಾಲಾ ಪ್ರವಾಸ, ಧರ್ಮಸ್ಥಳ ಯಾತ್ರೆ - ಇವೇ ಅವನ ಬಾಡಿಗೆಗಳು. ಬ್ಯಾಂಕ್ ಸಾಲದ ಕಂತು ತಿಂಗಳು ತಿಂಗಳೂ ತಪ್ಪದೆ ಬರುತ್ತದೆ. ಬಾಡಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಕಳೆದ ವರ್ಷ ಒಂದು ರಾತ್ರಿ ಅವನ ಫೋನ್ ಬಂತು. "ಅಣ್ಣ, ಗಾಡಿ ಏರು ಹತ್ತುತ್ತಿಲ್ಲ. ಹಿಂದೆ ಬರೀ ಕಪ್ಪು ಹೊಗೆ. ಗ್ಯಾರೇಜಿನವರು ಟರ್ಬೊ ಹೋಗಿದೆ ಅಂತಾರೆ. ನೀನು ಸೈನ್ಸ್ ಮೇಷ್ಟ್ರು, ನೀನೇನಂತೀಯ?"

ಕಪ್ಪು ಹೊಗೆ ಎಂದರೆ ಪೂರ್ತಿ ಉರಿಯದ ಇಂಗಾಲ. ಒಂದು ಗ್ರಾಂ ಡೀಸೆಲ್ ಸರಿಯಾಗಿ ಉರಿಯಲು ಸುಮಾರು 14.5 ಗ್ರಾಂ ಗಾಳಿ ಬೇಕು. ಗಾಳಿ ಸಾಲದಿದ್ದರೆ ಹೊಗೆ ಹೆಚ್ಚುತ್ತದೆ, ಶಕ್ತಿ ಕುಗ್ಗುತ್ತದೆ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವುದು ಟರ್ಬೊ. ಆದ್ದರಿಂದ ಕೆಟ್ಟಿರುವುದು ಟರ್ಬೊ. ಇಷ್ಟನ್ನು ಅರ್ಧ ನಿಮಿಷದಲ್ಲಿ ಲೆಕ್ಕ ಹಾಕಿ, "ಅವರು ಹೇಳೋದು ಸರಿ ಕಣೋ, ಬದಲಾಯಿಸು" ಎಂದುಬಿಟ್ಟೆ. ತಮ್ಮ ಮರುಮಾತಾಡಲಿಲ್ಲ. ನಾದಿನಿಯ ಎರಡು ಬಳೆ ಅಡವಿಟ್ಟು 38 ಸಾವಿರ ರೂಪಾಯಿ ಕೊಟ್ಟು ಟರ್ಬೊ ಹಾಕಿಸಿದ. ಗಾಡಿ ಮತ್ತೆ ಮೊದಲಿನಂತೆ ಓಡತೊಡಗಿತು. ನನ್ನ ವಿಜ್ಞಾನದ ಬಗ್ಗೆ ನನಗೇ ಹೆಮ್ಮೆಯಾಯಿತು.

ಒಂದೂವರೆ ತಿಂಗಳ ಮೇಲೆ ಮನೆಮಂದಿಯೆಲ್ಲ ಅದೇ ಗಾಡಿಯಲ್ಲಿ ಧರ್ಮಸ್ಥಳಕ್ಕೆ ಹೋಗಿ ಹಿಂತಿರುಗುತ್ತಿದ್ದೆವು. ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತತೊಡಗಿ ನಾಲ್ಕಾರು ತಿರುವು ಕಳೆಯುವಷ್ಟರಲ್ಲಿ ಗಾಡಿ ಏದುಸಿರು ಬಿಡತೊಡಗಿತು. ಎರಡನೇ ಗೇರಿನಿಂದ ಒಂದನೇ ಗೇರಿಗೆ ಬಂತು. ಹಿಂದೆ ಮತ್ತೆ ಅದೇ ಕಪ್ಪು ಹೊಗೆ. ಸಂಜೆ ಇಳಿಯುತ್ತಿತ್ತು, ಮಂಜು ಮುಸುಕುತ್ತಿತ್ತು. ಒಳಗೆ ಎಂಬತ್ತು ದಾಟಿದ ನಮ್ಮಮ್ಮ, ಮೂರು ಚಿಕ್ಕ ಮಕ್ಕಳು. ತಮ್ಮ ಅಗಲವಾದ ಜಾಗ ನೋಡಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟ. ನನ್ನ ಮುಖ ನೋಡಿದನೇ ಹೊರತು ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಹಿಂದೆ ಬಂದ ಲಾರಿಯೊಂದು ನಿಂತಿತು. ಇಳಿದು ಬಂದ ಚಾಲಕನಿಗೆ ನನ್ನಷ್ಟೇ ವಯಸ್ಸು. ಬಂದವನೇ ಬಾನೆಟ್ ಎತ್ತಲಿಲ್ಲ, ಪ್ರಶ್ನೆ ಕೇಳಿದ. "ಮಟ್ಟಸ ರಸ್ತೇಲಿ ಸರಿ ಇತ್ತಾ? ಏರಲ್ಲಿ ಮಾತ್ರಾನಾ? ಹೊಗೆ ಕಪ್ಪೋ, ನೀಲಿಯೋ, ಬಿಳಿಯೋ? ಎಳೀವಾಗ ಬುಸ್ ಅಂತ ಶಬ್ದ ಬರ್ತಿತ್ತಾ?" ಶಬ್ದ ಬರುತ್ತಿತ್ತು. ನಾವೆಲ್ಲ ಕೇಳಿದ್ದೆವು, ಗಮನ ಕೊಟ್ಟಿರಲಿಲ್ಲ.

ಆಮೇಲೆ ಏರ್ ಫಿಲ್ಟರ್ ತೆಗೆದು ನೋಡಿದ, ಸ್ವಚ್ಛವಾಗಿತ್ತು. ಎಂಜಿನ್ ಆರುವವರೆಗೆ ಕಾದು, ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ದಪ್ಪ ರಬ್ಬರ್ ಹೋಸಿನ ತಳಭಾಗವನ್ನು ಬೆರಳಿನಿಂದ ಸವರಿದ. ಬೆರಳಿಗೆ ಎಣ್ಣೆ ಮೆತ್ತಿದ ಕಪ್ಪು ಮಸಿ ಹತ್ತಿತು. ಟಾರ್ಚ್ ಬಿಟ್ಟು, "ಇಲ್ಲಿ ನೋಡಿ ಮೇಷ್ಟ್ರೇ" ಎಂದ. ಹೋಸಿನ ತಳದಲ್ಲಿ ಎರಡು ಅಂಗುಲದ ಸೀಳು. ಕೈಯಲ್ಲಿ ಬಗ್ಗಿಸಿದರೆ ಬಾಯಿ ಬಿಡುತ್ತಿತ್ತು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು.

ಎಲ್ಲವೂ ನನಗೆ ಆಗ ಹೊಳೆಯಿತು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ಕಳುಹಿಸುತ್ತದೆ. ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಇಂದಿನ ಸಣ್ಣ ಟರ್ಬೊಗಳು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಹೆಚ್ಚು ತಿರುಗಬಲ್ಲವು. ಮಟ್ಟಸ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಒತ್ತಡ ಕಡಿಮೆ, ಸೀಳು ಮುಚ್ಚಿಕೊಂಡೇ ಇರುತ್ತದೆ. ಏರಿನಲ್ಲಿ ಎಂಜಿನ್ ದುಡಿಯತೊಡಗಿದಾಗ ಒತ್ತಡ ಏರಿ ಸೀಳು ಬಾಯಿ ಬಿಡುತ್ತದೆ. ಟರ್ಬೊ ಪಾಪ, ಗಾಳಿ ತುಂಬುತ್ತಲೇ ಇತ್ತು. ಗಾಳಿ ದಾರಿಯಲ್ಲೇ ಸೋರಿಹೋಗುತ್ತಿತ್ತು. ಹೊಸ ಟರ್ಬೊ ಹಾಕುವಾಗ ಹಳೆಯ ಹೋಸನ್ನೇ ತುಸು ತಿರುಗಿಸಿ ಬಿಗಿದಿದ್ದರಿಂದ ಕೆಲವು ದಿನ ಸೀಳು ಮುಚ್ಚಿಕೊಂಡಿತ್ತು, ಅಷ್ಟೇ.

ಚಾಲಕ ಹಳೆಯ ಟ್ಯೂಬಿನ ಪಟ್ಟಿಯನ್ನು ಹೋಸಿಗೆ ಬಿಗಿಯಾಗಿ ಸುತ್ತಿ ತಂತಿ ಕಟ್ಟಿದ. "ಕೊಟ್ಟಿಗೆಹಾರದ ತನಕ ಮೆಲ್ಲಗೆ ಹೊಡೀರಿ. ಏರು ಹತ್ತಿದ ಮೇಲೆ ತಕ್ಷಣ ಆಫ್ ಮಾಡಬೇಡಿ, ಒಂದೆರಡು ನಿಮಿಷ ಸುಮ್ನೆ ಓಡ್ಲಿ, ಟರ್ಬೊ ತಣ್ಣಗಾಗುತ್ತೆ" ಎಂದು ಹೇಳಿ ಹೊರಟುಹೋದ. ಕೊಟ್ಟ ಹಣ ಮುಟ್ಟಲಿಲ್ಲ. ಮರುದಿನ ಹಾಕಿಸಿದ ಹೊಸ ಹೋಸಿನ ಬೆಲೆ ಸಾವಿರ ರೂಪಾಯಿಯ ಒಳಗೇ. ಬಿಚ್ಚಿಟ್ಟಿದ್ದ ಹಳೆಯ ಟರ್ಬೊವನ್ನು ಬೇರೊಬ್ಬ ಮೆಕ್ಯಾನಿಕ್ ಬೆರಳಲ್ಲಿ ತಿರುಗಿಸಿ ನೋಡಿ, "ಇದಕ್ಕೇನಾಗಿದೆ? ಚೆನ್ನಾಗೇ ಇದೆಯಲ್ಲ" ಎಂದ.

ನನ್ನ ತರ್ಕದಲ್ಲಿ ಗಾಳಿ ಸಾಲದು ಎಂಬವರೆಗೆ ತಪ್ಪಿರಲಿಲ್ಲ. ಗ್ಯಾರೇಜಿನ ಕಂಪ್ಯೂಟರೂ ಗಾಳಿಯ ಒತ್ತಡ ಕಡಿಮೆ ಎಂದೇ ತೋರಿಸಿತ್ತಂತೆ. ಆದರೆ ಏಕೆ ಕಡಿಮೆ ಎಂದು ಅದು ಹೇಳಲಿಲ್ಲ, ನಾನೂ ಹುಡುಕಲಿಲ್ಲ. ಫಿಲ್ಟರ್ ಕಟ್ಟಿರಬಹುದು, ಹೋಸ್ ಸೀಳಿರಬಹುದು, ಕ್ಲ್ಯಾಂಪ್ ಸಡಿಲವಾಗಿರಬಹುದು, ಇಂಟರ್‌ಕೂಲರ್ ತೂತಾಗಿರಬಹುದು, ಒತ್ತಡ ನಿಯಂತ್ರಿಸುವ ಕವಾಟ ಅಂಟಿಕೊಂಡಿರಬಹುದು. ಇವೆಲ್ಲವನ್ನೂ ಒಂದೊಂದಾಗಿ, ಅಗ್ಗದ್ದರಿಂದ ತುಟ್ಟಿಯದಕ್ಕೆ, ನೋಡುತ್ತ ಹೋಗಬೇಕಿತ್ತು. ಒಮ್ಮೆಗೆ ಒಂದನ್ನು ಮಾತ್ರ ಪರೀಕ್ಷಿಸಬೇಕು ಎಂದು ಮೂವತ್ತು ವರ್ಷದಿಂದ ಪ್ರಯೋಗಶಾಲೆಯಲ್ಲಿ ಪಾಠ ಹೇಳುತ್ತ ಬಂದವನು ನಾನು!

ಆ ವಾರವೇ ಒಂಬತ್ತನೇ ತರಗತಿಯ ಹುಡುಗನೊಬ್ಬನ ತಂದೆ ಶಾಲೆಗೆ ಬಂದರು. ಮಗನ ಗಣಿತದ ಅಂಕ ಇಳಿದಿತ್ತು. "ದೊಡ್ಡ ಟ್ಯೂಶನ್ನಿಗೆ ಹಾಕ್ತೀನಿ ಸಾರ್, ಆಗದಿದ್ರೆ ಶಾಲೆಯನ್ನೇ ಬದಲಾಯಿಸ್ತೀನಿ" ಎಂದರು. ನನಗೆ ಹಳೆಯ ಟರ್ಬೊ ನೆನಪಾಯಿತು. ಅಂಕಪಟ್ಟಿಯೂ ಆ ಕಂಪ್ಯೂಟರಿನಂತೆಯೇ. ಕಡಿಮೆ ಎನ್ನುತ್ತದೆ, ಏಕೆ ಎನ್ನುವುದಿಲ್ಲ. "ಒಂದು ವಾರ ತಡೀರಿ" ಎಂದು ಹುಡುಗನನ್ನು ಕರೆದು ಚಾಲಕನಂತೆ ಪ್ರಶ್ನೆ ಕೇಳಿದೆ. ಎಲ್ಲ ವಿಷಯದಲ್ಲೂ ಹೀಗೆಯೇ? ಯಾವಾಗಿನಿಂದ? ಎಲ್ಲಿ ಕೂರುತ್ತೀಯ? ಆ ವರ್ಷ ಅವನ ಜಾಗ ಕೊನೆಯ ಬೆಂಚಿಗೆ ಹೋಗಿತ್ತು. ಹಲಗೆಯ ಮೇಲಿನ 3 ಅವನಿಗೆ 8ರಂತೆ ಕಾಣುತ್ತಿತ್ತು. ಬೇಕಾಗಿದ್ದದ್ದು ಒಂದು ಕನ್ನಡಕ.

ಬಳೆ ಬಿಡಿಸುವ ಹಣದಲ್ಲಿ ಅರ್ಧ ನಾನು ಕೊಟ್ಟೆ. "ನೀನ್ಯಾಕಣ್ಣ ಕೊಡಬೇಕು?" ಎಂದು ತಮ್ಮ ಸಂಕೋಚಪಟ್ಟ. "ಪ್ರಯೋಗ ಮಾಡದೆ ಉತ್ತರ ಬರೆದವರಿಗೆ ನಮ್ಮ ಲ್ಯಾಬಿನಲ್ಲಿ ಅಂಕ ಕಡಿತ ಕಣೋ, ತಗೋ" ಎಂದೆ.