ಹಲ್ಲಿಗೆ ಹಾಲು, ಮಠಕ್ಕೆ ಮಾಡು

ಚಿತ್ರದುರ್ಗದ ಕೋಟೆ ಹತ್ತಿದವರು ಹಿಡಿಂಬೇಶ್ವರನಿಗೆ ಕೈಮುಗಿಯುವುದು ಅರ್ಧ ನಿಮಿಷ. ಹಲ್ಲು ಎಲ್ಲಿದೆ ಎಂದು ವಿಚಾರಿಸುವುದು ಹತ್ತು ನಿಮಿಷ. ಭೀಮನ ಕೈಯಲ್ಲಿ ಸತ್ತ ಹಿಡಿಂಬಾಸುರನ ಹಲ್ಲು ಅಂತ ಹಿಂದಿನಿಂದ ತೋರಿಸಿಕೊಂಡು ಬಂದದ್ದು ಒಂದು ದೊಡ್ಡ ಮೂಳೆಯ ತುಂಡು. ಯಾವುದೋ ಆನೆಯದಿದ್ದೀತು. ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು, ಇಂಥ ನಂಬಿಕೆಗಳು ನಮ್ಮ ಕಡೆಯವರಿಗೆ ಮಾತ್ರ ಎಂದು ನಗುವ ಬುದ್ಧಿವಂತರ ಜೊತೆ.

ಇಂಗ್ಲೆಂಡಿನ ನಾರ್ಫಕ್ ಸೀಮೆಯಲ್ಲಿ ವಾಲ್ಸಿಂಗ್ಯಾಮ್ ಅಂತ ಒಂದು ಊರು. ಅಲ್ಲಿನ ಕ್ರೈಸ್ತ ಮಠದಲ್ಲಿ ಮೇರಿಮಾತೆಯ ಎದೆಹಾಲನ್ನೇ ಇಟ್ಟು ದರ್ಶನ ಮಾಡಿಸುತ್ತಿದ್ದರು. 16ನೇ ಶತಮಾನದ ಆರಂಭದಲ್ಲಿ ಎರಾಸ್ಮಸ್ ಎಂಬ ಮಹಾಪಂಡಿತ ಹೋಗಿ ನೋಡಿ ಬಂದು ಕುಹಕದಿಂದ ಬರೆದ. ಜನ ಮಾತ್ರ ಹೋಗುವುದು ಬಿಡಲಿಲ್ಲ. ನಮ್ಮ ಹಲ್ಲಿಗೆ ಅವರ ಹಾಲು; ಲೆಕ್ಕ ಸಮ ಆಯಿತು.

ಅದರ ಹತ್ತಿರದಲ್ಲೇ ಬಿನ್ಹಮ್ ಎಂಬ ಹಳ್ಳಿ. ನನಗೆ ಹೆಚ್ಚು ಹಿಡಿಸಿದ್ದು ಅದರ ಕಥೆ. 1091ರ ಸುಮಾರಿಗೆ ಒಬ್ಬ ನಾರ್ಮನ್ ಪಾಳೆಯಗಾರ ಅಲ್ಲೊಂದು ಮಠ ಕಟ್ಟಿಸಿ, ದೂರದ ಸೇಂಟ್ ಆಲ್ಬನ್ಸ್ ಎಂಬಲ್ಲಿನ ದೊಡ್ಡ ಮಠಕ್ಕೆ ಒಪ್ಪಿಸಿದ. ಬಿನ್ಹಮ್ ಅದರ ಶಾಖೆ. ನಮ್ಮ ಸಿರಿಗೆರೆಯ ದೊಡ್ಡ ಮಠ, ಸಾಣೇಹಳ್ಳಿಯ ಅದರ ಶಾಖಾಮಠ ಬಲ್ಲವರಿಗೆ ಈ ಏರ್ಪಾಡನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಗುರುಗಳು ಅಲ್ಲಿ, ಚಿಕ್ಕವರು ಇಲ್ಲಿ. ನಡುವೆ ಲೆಕ್ಕಪತ್ರ, ಸ್ವಲ್ಪ ಮುನಿಸು. ಪೂಜಾಮಂದಿರ ಒಂದೇ ಆದರೂ ಪೂರ್ವದ ತುದಿ ಸನ್ಯಾಸಿಗಳದು, ಪಶ್ಚಿಮದ ಉದ್ದನೆಯ ಹಜಾರ ಊರಿನವರದು.

ಆಮೇಲೆ ಎಂಟನೇ ಹೆನ್ರಿ ಬಂದ. ಮದುವೆಯ ವಿಚಾರಕ್ಕೆ ಪೋಪನ ಜೊತೆ ಜಗಳ ಕಾದವನು ಆ ಸಿಟ್ಟನ್ನೋ, ಖಾಲಿ ಖಜಾನೆಯ ಸಂಕಟವನ್ನೋ ಮಠಗಳ ಮೇಲೆ ತೀರಿಸಿಕೊಂಡ. 1536ರಿಂದ 1540ರೊಳಗೆ ಇಂಗ್ಲೆಂಡಿನ ಮಠಗಳೆಲ್ಲ ಮುಚ್ಚಿದವು; ಬಿನ್ಹಮ್ ಸರದಿ 1539ರಲ್ಲಿ ಬಂತು. ಅರಸನ ಆಳುಗಳಿಗೆ ದೇವರಿಗಿಂತ ಮಾಡಿನ ಮೇಲೆ ಕಣ್ಣು. ಮಠಗಳ ಮಾಡಿಗೆ ಹೊದಿಸಿದ್ದ ಸೀಸದ ಹಾಳೆಗಳನ್ನು ಕಿತ್ತು ಕರಗಿಸಿದರೆ ರೊಕ್ಕ. ಮಾಡು ಹೋದ ಮೇಲೆ ಮಳೆಗೆ ಗೋಡೆ ಎಷ್ಟು ದಿನ ತಾಳೀತು? ಉಳಿದ ಕಲ್ಲು ಕಂಡಕಂಡವರ ಮನೆ ಸೇರಿತು. ಉಳಿದದ್ದು ಊರಿನವರ ಪಾಲಿನ ಆ ಹಜಾರ. ಅದೇ ಇವತ್ತಿಗೂ ಬಿನ್ಹಮ್‌ನ ಊರ ಚರ್ಚು.

ದುರ್ಗದಲ್ಲಿ ಆದದ್ದು ಇದರ ತಿರುಗುಮುರುಗು. ಇಲ್ಲಿ ಅರಸನೇ ಶಿಷ್ಯ. ಭರಮಣ್ಣ ನಾಯಕ ತನ್ನ ಗುರುವಿಗಾಗಿ ಕೋಟೆಯೊಳಗೇ ಮುರುಘಾ ಮಠ ಕಟ್ಟಿಸಿದನೆಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. 1779ರಲ್ಲಿ ಹೈದರಾಲಿ ಕೋಟೆ ಹಿಡಿದ, ಅರಸ ಮದಕರಿ ನಾಯಕನನ್ನು ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಒಯ್ದ, ಬೇಡರ ಸಾವಿರಾರು ಮಂದಿಯನ್ನು ಒಕ್ಕಲೆಬ್ಬಿಸಿದ. ಅಲ್ಲಿಗೆ ಸಿಂಹಾಸನದ ಕಥೆ ಮುಗಿಯಿತು. ಅರಮನೆಯ ಜಾಗದಲ್ಲಿ ಈಗ ನೋಡಲು ಸಿಗುವುದು ಮಣ್ಣಿನ ಗೋಡೆಗಳ ಮೋಟು. ಮುರುಘಾ ಮಠವಾದರೋ ಊರಾಚೆಯ ಬೃಹನ್ಮಠದಲ್ಲಿ ಇನ್ನೂ ಇದೆ. ಶಾಲೆ, ಕಾಲೇಜು, ಹಾಸ್ಟೆಲ್ಲು, ದಾಸೋಹ ಎಲ್ಲ ನಡೆಯುತ್ತಿದೆ. ಅನ್ನ ಬೇಯುವ ಒಲೆಯನ್ನು ಆರಿಸುವುದು ಯಾವ ದಂಡಿಗೂ ಸುಲಭವಲ್ಲ ಅಂತ ನನ್ನ ಅನಿಸಿಕೆ. ಆದರೆ ಹೆನ್ರಿ ಆರಿಸಿದನಲ್ಲ, ಅನ್ನುತ್ತೀರಿ. ಆರಿಸಿದ, ನಿಜ. ಊರಿನವರ ಪಾಲನ್ನು ಮಾತ್ರ ಅಲ್ಲಿಯೂ ಮುಟ್ಟಲಾಗಲಿಲ್ಲ.

ಸುರಂಗದ ವಿಚಾರ ಬಿಟ್ಟರೆ ದುರ್ಗದವರು ಬೇಜಾರು ಮಾಡಿಕೊಂಡಾರು. ಚಂದ್ರವಳ್ಳಿಯ ಅಂಕಲಿ ಮಠದಲ್ಲಿ ನೆಲದಡಿಯ ಕೋಣೆಗಳಿಗೆ ಟಾರ್ಚು ಹಿಡಿದು ಇಳಿಯಬೇಕು. ಇದು ಮುಂದೆ ಎಲ್ಲಿಗೆ ಹೋಗುತ್ತದಪ್ಪಾ ಎಂದು ಕೇಳಿ ನೋಡಿ, ಒಬ್ಬೊಬ್ಬ ಗೈಡೂ ಒಂದೊಂದು ಊರಿಗೆ ಕರೆದೊಯ್ಯುತ್ತಾನೆ. ಬಿನ್ಹಮ್‌ನಲ್ಲೂ ಹಾಗೇ. ಮಠದಡಿಯ ಸುರಂಗಕ್ಕೆ ಒಬ್ಬ ಪಿಟೀಲಿನವನು ನಾಯಿ ಸಮೇತ ನುಗ್ಗಿದನಂತೆ. ಮೇಲೆ ಜನ ಪಿಟೀಲಿನ ಸದ್ದು ಹಿಡಿದು ಹೆಜ್ಜೆ ಹಾಕುತ್ತಿದ್ದರಂತೆ. ಒಂದು ಕಡೆ ಸದ್ದು ನಿಂತೇ ಹೋಯಿತಂತೆ. ಈ ಕಥೆಯಲ್ಲಿ ಪಿಟೀಲು ತೆಗೆದು ಕೊಳಲು ಇಟ್ಟರೆ ನಮ್ಮ ಅಜ್ಜಿಯರು ಸ್ವಂತದ್ದೆಂದು ಹೇಳಿಬಿಡುತ್ತಿದ್ದರು. ಅಂದಹಾಗೆ ಈ ಚಂದ್ರವಳ್ಳಿಯಲ್ಲಿ ನಮ್ಮ ಎಂ. ಎಚ್. ಕೃಷ್ಣ ಅಗೆದ ಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಎಂಬ ಇಂಗ್ಲಿಷ್ ಸಾಹೇಬನೂ ಬಂದು ಅಗೆದ. ಅವರು ನಮ್ಮ ನೆಲ ಅಗೆದದ್ದಕ್ಕೆ ನಾನು ಅವರ ಬಿನ್ಹಮ್ ಕೆದಕಿದರೆ ತಪ್ಪೇನು?

ಕೆದಕಿದಾಗ ಸಿಕ್ಕ ಇನ್ನೊಂದು ಸಂಗತಿ. ಬಿನ್ಹಮ್ ಚರ್ಚಿನ ಮರದ ತೆರೆಯ ಮೇಲೆ ಸಂತರ ಚಿತ್ರಗಳಿದ್ದವು. ಹೊಸ ಮತದವರು ಅವಕ್ಕೆ ಬಣ್ಣ ಬಳಿದು ಮೇಲೆ ಬೈಬಲ್ ವಾಕ್ಯ ಬರೆಸಿದರು. ಕಾಲಕ್ರಮದಲ್ಲಿ ಬಣ್ಣ ಸವೆದು ಈಗ ಅಕ್ಷರಗಳ ಸಂದಿಯಿಂದ ಸಂತರು ಇಣುಕುತ್ತಾರೆ. ಹಿರಿಯೂರಿನ ತೇರುಮಲ್ಲೇಶ್ವರನ ಮುಖಮಂಟಪದ ಚಾವಣಿಯಲ್ಲಿ ರಾಮಾಯಣ, ಶಿವಪುರಾಣದ ಚಿತ್ರಗಳಿವೆ. ಅವನ್ನು ಯಾರೂ ಮತದ ಹೆಸರಲ್ಲಿ ಅಳಿಸಲಿಲ್ಲ. ಅಳಿಸದಿದ್ದರೆ ಸಾಕೇ, ಕತ್ತೆತ್ತಿ ನೋಡುವವರೂ ಬೇಕಲ್ಲ! ತೇರಿನ ದಿನ ಸಾವಿರಾರು ತಲೆ ಅವುಗಳ ಕೆಳಗೆ ಹಾದುಹೋಗುತ್ತವೆ, ಮೇಲೆ ನೋಡುವವರು ಬೆರಳೆಣಿಕೆ.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯನ್ನು ನೋಡಿದರೆ ಸೇಂಟ್ ಆಲ್ಬನ್ಸ್‌ನವರು ಹೊಟ್ಟೆಕಿಚ್ಚುಪಟ್ಟಾರು. ಶಾಖಾಮಠ ಅಂದರೆ ಮೂಲೆಮಠ ಎಂದುಕೊಳ್ಳುವವರಿಗೆ ಅಲ್ಲಿ ಗ್ರೀಕ್ ಮಾದರಿಯ ಬಯಲು ರಂಗಮಂದಿರ ಎದುರಾಗುತ್ತದೆ. ಅಲ್ಲಿನ ‘ಶಿವಸಂಚಾರ’ ತಂಡ ವರ್ಷವರ್ಷವೂ ನಾಟಕ ಕಟ್ಟಿಕೊಂಡು ನಾಡು ಸುತ್ತುತ್ತದೆ. ಸ್ವಾಮಿಗಳು ನಾಟಕ ಆಡಿಸುವುದೇ ಎಂದು ಮೂಗು ಮುರಿದವರೂ ನಾಟಕೋತ್ಸವದ ರಾತ್ರಿ ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿರುತ್ತಾರೆ.

ಹೆನ್ರಿಯ ಆಳುಗಳೇನಾದರೂ ದಾರಿ ತಪ್ಪಿ ನಮ್ಮ ಸೀಮೆಗೆ ಬಂದಿದ್ದರೆ ಅವರನ್ನು ಮೊದಲು ಹೊಳಲ್ಕೆರೆಗೆ ಕಳಿಸಬೇಕಿತ್ತು. ಅಲ್ಲಿಯ ಬಯಲು ಗಣಪತಿ ಹದಿನೈದನೇ ಶತಮಾನದಿಂದ ಬಿಸಿಲು ಮಳೆಗೆ ಮೈಯೊಡ್ಡಿ ಕೂತಿದ್ದಾನೆ. ಸೀಸ ಕೀಳೋಣವೆಂದು ಏಣಿ ಹೊತ್ತು ತಂದವರು ಮಾಡೇ ಕಾಣದೆ, ಒಂದು ಕಾಯಿ ಒಡೆಸಿ, ಏಣಿಯನ್ನು ಮತ್ತೆ ಹೆಗಲಿಗೇರಿಸಿ ಹೊರಡಬೇಕಾಗುತ್ತಿತ್ತು.