ಕಾಲುವೆ ದಂಡೆಯ ಶನಿವಾರ



ನಾನು ಸಿಂಧನೂರು ತಾಲ್ಲೂಕಿನವನು. ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯಲ್ಲೇ ನಮ್ಮ ಹೊಲ. ಆದರೂ ನನಗೆ ಈಜು ಬರೋದಿಲ್ಲ. ಐದನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಎಮ್ಮೆ ಮೈ ತೊಳೆಯೋಕೆ ಅಂತ ಇಳಿದವನು ಕಾಲು ಜಾರಿ ಹೋದ. ಊರಿಗೆ ಊರೇ ಕೂಗುತ್ತಾ ದಂಡೆಯುದ್ದಕ್ಕೂ ಓಡಿತು. ಮೂರನೇ ದಿನ ಕೆಳಗಿನ ಗೇಟಿನ ಹತ್ತಿರ ಸಿಕ್ಕ. ಅವತ್ತೇ ಅಪ್ಪ ನನ್ನಿಂದ ಆಣೆ ಮಾಡಿಸಿಕೊಂಡರು, ನೀರಿಗೆ ಇಳಿಯಬಾರದು ಅಂತ. ಮೂವತ್ತು ವರ್ಷ ಆ ಮಾತು ಉಳಿಸಿಕೊಂಡೆ.

ಹೀಗಿರುವಾಗ ಇಲ್ಲಿ ಮಾಲ್ಮೋದಲ್ಲಿ, ನಾನು ಕೆಲಸ ಮಾಡುವ ಗೋದಾಮಿನ ಊಟದ ಕೋಣೆಯಲ್ಲಿ ಒಂದು ಹಾಳೆ ಅಂಟಿಸಿದರು. ಊರಿನ ಕಾಲುವೆಯಲ್ಲಿ 'ದ್ರಾಕ್‌ಬೋತ್', ಅಂದರೆ ಡ್ರ್ಯಾಗನ್ ದೋಣಿಯ ಪಂದ್ಯ. ಒಂದು ದೋಣಿಗೆ ಹುಟ್ಟು ಹಾಕುವವರು 20 ಜನ ಬೇಕು. 19 ಹೆಸರು ಬಂದಿದ್ದವು. "ಇಪ್ಪತ್ತನೆಯವನು ನೀನೇ" ಅಂದಳು ನಮ್ಮ ಶಿಫ್ಟ್ ನೋಡಿಕೊಳ್ಳುವ ಹೆಂಗಸು. ಈಜು ಬರಲ್ಲ ಅನ್ನೋಕೆ ನನಗೆ ನಾಚಿಕೆ. ಇಲ್ಲಿ ಆರನೇ ತರಗತಿ ಮುಗಿಯುವಷ್ಟರಲ್ಲಿ ಪ್ರತಿ ಮಗುವೂ 200 ಮೀಟರ್ ಈಜಬೇಕು, ಅದರಲ್ಲಿ 50 ಮೀಟರ್ ಅಂಗಾತ. ಹನ್ನೆರಡು ವರ್ಷದ ನನ್ನ ಮಗಳು ಅದನ್ನು ಆಗಲೇ ಮುಗಿಸಿದ್ದಾಳೆ. ಅವಳೇ ಹೇಳಿದಳು: "ಹೋಗಪ್ಪಾ, ಲೈಫ್ ಜಾಕೆಟ್ ಕೊಡ್ತಾರೆ. ನಾನು ದಂಡೆ ಮೇಲೆ ಇರ್ತೀನಿ." ಮಗಳು ಅಪ್ಪನಿಗೆ ಧೈರ್ಯ ಹೇಳೋ ಕಾಲ ಬಂತು ನೋಡಿ.

ಶನಿವಾರ ಬೆಳಿಗ್ಗೆ ಬಿಸಿಲಿತ್ತು. ದಂಡೆ ಮೇಲೆ ಡೇರೆಗಳು, ಸಾಸೇಜು ಸುಡುವ ಹೊಗೆ, ಒಂದೊಂದು ತಂಡಕ್ಕೆ ಒಂದೊಂದು ವೇಷ. ನನ್ನ ಹೆಂಡತಿ ದೊಡ್ಡ ಡಬ್ಬಿಯಲ್ಲಿ ಚಿತ್ರಾನ್ನ ತಂದಿದ್ದಳು. ಪಂದ್ಯಕ್ಕೆ ಮೊದಲೇ ಅರ್ಧ ಖಾಲಿ.

ದೋಣಿ ಹನ್ನೆರಡು ಮೀಟರಿಗೂ ಉದ್ದ. ಮುಂದೆ ಡ್ರ್ಯಾಗನ್ ತಲೆ, ಹಿಂದೆ ಬಾಲ. ಮೂತಿಯ ಹತ್ತಿರ ನಮ್ಮ ಕಡೆ ಮುಖ ಮಾಡಿ ಡ್ರಮ್ ಬಾರಿಸುವವಳು, ಹಿಂದೆ ನಿಂತು ಉದ್ದನೆಯ ಹುಟ್ಟಿನಿಂದ ದಾರಿ ತಿದ್ದುವವನು. ಅವನ ಹತ್ತಿರ ಹೋಗಿ ಮೆಲ್ಲಗೆ ನಿಜ ಹೇಳಿದೆ. ಅವನು ನಗಲಿಲ್ಲ. "ಹೇಳಿದ್ದು ಒಳ್ಳೇದಾಯ್ತು" ಅಂದು ನನ್ನ ಜಾಕೆಟ್ಟಿನ ಪಟ್ಟಿ ಬಿಗಿ ಮಾಡಿ, ತನ್ನ ಮುಂದಿನ ಸಾಲಿನಲ್ಲೇ ಕೂರಿಸಿಕೊಂಡ. "ನೀರು ನೋಡಬೇಡ, ಮುಂದಿನವರ ಕೈ ನೋಡು. ಎಲ್ಲರದೂ ಒಟ್ಟಿಗೆ ಇಳೀಬೇಕು, ಒಟ್ಟಿಗೆ ಏಳಬೇಕು." ಅಭ್ಯಾಸದಲ್ಲಿ ನಮ್ಮ ಹುಟ್ಟುಗಳು ಒಂದಕ್ಕೊಂದು ಬಡಿದಿದ್ದೇ ಹೆಚ್ಚು. ನಮ್ಮ ಆನೆಗುಂದಿಯ ಹರಿಗೋಲಿನ ಹಾಗೆ ತಿರುಗುತ್ತಿದ್ದೆವು.

ಸರದಿ ಬರುವ ತನಕ ಹುಲ್ಲಿನ ಮೇಲೆ ಕೂತಿದ್ದೆವು. ಜೊತೆಗೆ ಕೆಲಸ ಮಾಡುವ ಚೀನಾದ ಹುನಾನ್ ಕಡೆಯವನೊಬ್ಬ ಈ ಪಂದ್ಯದ ಕಥೆ ಹೇಳಿದ. ಎರಡು ಸಾವಿರ ವರ್ಷಕ್ಕೂ ಹಿಂದೆ ಚ್ಯು ಯುವಾನ್ ಎಂಬ ಕವಿ, ಮಂತ್ರಿಯೂ ಆಗಿದ್ದವನು, ನಾಡು ಸೋತ ದುಃಖಕ್ಕೆ ಮಿಲುವೋ ನದಿಗೆ ಹಾರಿದನಂತೆ. ಅವನನ್ನು ಉಳಿಸಲು ಜನ ದೋಣಿ ಹತ್ತಿ ಧಾವಿಸಿದರಂತೆ. ಮೀನು ಹತ್ತಿರ ಬರದಿರಲಿ ಅಂತ ಡೋಲು ಬಡಿದು, ನೀರಿಗೆ ಅನ್ನ ಎಸೆದರಂತೆ. ಅವನು ಸಿಗಲಿಲ್ಲ. ಅವನ ನೆನಪಿಗೆ ಚೀನಾದ ಪಂಚಾಂಗದ ಐದನೇ ತಿಂಗಳ ಐದನೇ ದಿನ ದೋಣಿ ಓಡಿಸುತ್ತಾರೆ.

ನಾನು ಇದನ್ನು ಬರೀ ಗೆಲ್ಲೋ ಆಟ ಅಂದುಕೊಂಡಿದ್ದೆ. ನೋಡಿದರೆ ಮುಳುಗಿದವನನ್ನು ಹುಡುಕಿ ಹೊರಟವರ ಓಟ. ಅವನು ಚಿತ್ರಾನ್ನ ತಿನ್ನುತ್ತಾ ಹೇಳುತ್ತಲೇ ಇದ್ದ, ನನಗೆ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ನಮ್ಮೂರಲ್ಲಿ ಅವತ್ತು ಒಂದು ದೋಣಿಯೂ ಇರಲಿಲ್ಲ.

ಪಂದ್ಯ 200 ಮೀಟರ್. ಡ್ರಮ್ ಬಡಿಯೋ ತನಕ ಕೈ ನಡುಗುತ್ತಿತ್ತು, ಆಮೇಲೆ ಹೆದರೋಕೆ ಪುರುಸೊತ್ತೇ ಸಿಗಲಿಲ್ಲ. ಮುಖಕ್ಕೆ ನೀರು ಹೊಡೀತಾ ಇತ್ತು. ಡ್ರಮ್ಮಿನ ಸದ್ದಿನ ಮೇಲೂ ಒಂದು ದನಿ ಕೇಳಿಸಿತು: "ಅಪ್ಪಾ, ಎಳಿ! ಎಳಿ!" ಮಗಳು ದಂಡೆಯುದ್ದಕ್ಕೂ ಕೂಗುತ್ತಾ ಓಡಿ ಬರುತ್ತಿದ್ದಳು. ನಾಲ್ಕು ದೋಣಿಯಲ್ಲಿ ನಮ್ಮದು ಮೂರನೆಯದು. ಇಳಿದ ಮೇಲೆ ಅವಳನ್ನು ಅಪ್ಪಿಕೊಂಡು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಗೆದ್ದಿಲ್ಲ ಅಂತ ಅಪ್ಪನಿಗೆ ಬೇಜಾರು ಅಂದುಕೊಂಡಳೇನೋ.

ರಾತ್ರಿ ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಬೈತಾರೆ ಅಂತ ಕಾದೆ. ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: "ಜಾಕೀಟು ಹಾಕ್ಕೊಂಡಿದ್ದೇನು?"

"ಹೂಂ ಅಪ್ಪಾ."

"ಹಂಗಾದ್ರ ಈಜೂ ಕಲ್ತುಬಿಡು."

ಈಗ ಪ್ರತಿ ಮಂಗಳವಾರ ಸಂಜೆ ದೊಡ್ಡವರ ಈಜು ಕ್ಲಾಸಿಗೆ ಹೋಗ್ತಿದ್ದೀನಿ. ಐದು ಮೀಟರ್ ತನಕ ಬಂದಿದೆ. ನಿಮ್ಮಲ್ಲಿ ಈಜು ಬಾರದವರು ಮುಚ್ಚಿಡಬೇಡಿ. ಬೇಸಿಗೆಯಲ್ಲಿ ನಾವೆಲ್ಲ ಮಕ್ಕಳನ್ನು ಕಟ್ಟಿಕೊಂಡು ಸರೋವರಕ್ಕೆ, ಸಮುದ್ರಕ್ಕೆ ಹೋಗೋರೇ. ನಿಮ್ಮೂರಿನ ಈಜುಕೊಳದಲ್ಲಿ ದೊಡ್ಡವರ ಕ್ಲಾಸು ಇದೆಯಾ ಅಂತ ಒಂದು ಮಾತು ಕೇಳಿ. ದೋಣಿ ಹತ್ತುವಾಗ ಜಾಕೆಟ್ ಬಿಡಬೇಡಿ. ಮುಂದಿನ ವರ್ಷ ನಮ್ಮವರೇ ಇಪ್ಪತ್ತು ಜನ ಸೇರಿದರೆ ಒಂದು ದೋಣಿ ನಮ್ಮದೂ ಇರಲಿ. ಚಿತ್ರಾನ್ನ ಹೇಗೂ ನಮ್ಮ ಮನೆಯಿಂದ ಬರುತ್ತೆ.